ಭಾನುವಾರದ ತೂಕ

ಅಂಗಡಿಯ ತಕ್ಕಡಿಯ ಮೇಲೆ ಐದು ಕಿಲೋದ ಕಲ್ಲು ಇಟ್ಟು ಅವನು ಕಾಯುತ್ತಿದ್ದ. ಮುಳ್ಳು ಐದನ್ನು ದಾಟಿ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದೆ ಹೋಗಿ ನಡುಗತೊಡಗಿತು. ಮುಳ್ಳು ನಿಲ್ಲುವ ಮೊದಲು ಓದಬಾರದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಅವನು ಒಮ್ಮೆಯೂ ಹಾಗೆ ಓದಿರಲಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದುದೂ ಅದನ್ನೇ. 'ಆ ಮನುಷ್ಯ ಕೂದಲೆಳೆಯಷ್ಟೂ ಬಿಡಲ್ಲ, ಕೊಟ್ಟಿದ್ದು ತಗೊಳ್ಳಲ್ಲ' ಎಂದು ವ್ಯಾಪಾರಿಗಳು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದರು. ಆ ಮಾತು ಸುತ್ತಿ ಬಳಸಿ ಅವನ ಕಿವಿಗೆ ಬಿದ್ದ ದಿನ ಸ್ಕೂಟರನ್ನು ಕಚೇರಿಯಲ್ಲೇ ಬಿಟ್ಟು, ಎದುರು ಸಿಕ್ಕವರಿಗೆಲ್ಲ ನಮಸ್ಕಾರ ಹೇಳುತ್ತ ಮನೆಗೆ ನಡೆದೇ ಹೋಗಿದ್ದ. ಈಗ ಮುಳ್ಳು ಐದರ ಮೇಲೆ ನಿಂತಿತು. ಅವನು ಅದನ್ನೇ ನೋಡುತ್ತ ಇದ್ದುಬಿಟ್ಟ. 'ತಪ್ಪಿದ್ಯಾ ಸಾರ್?' ಎಂದು ಅಂಗಡಿಯವನು ಗಾಬರಿಯಿಂದ ಕೇಳಿದ ಮೇಲೆ 'ಇಲ್ಲ, ಸರಿ ಇದೆ' ಎಂದು ಮುದ್ರೆಯ ಇಕ್ಕಳ ತೆಗೆದ. ಸೀಸದ ಗುಂಡು ಇಕ್ಕಳದ ಬಾಯಲ್ಲಿ ಚಪ್ಪಟೆಯಾಯಿತು.

'ತಗೊಳ್ಳಿ ಸಾರ್, ಹೊಸ ಮಾಲು, ಈಗಷ್ಟೇ ಹುರಿದಿದ್ದು.' ಅಂಗಡಿಯವನು ಕಡಲೆಕಾಯಿ ಬೀಜದ ಒಂದು ಹಿಡಿಯನ್ನು ಅವನ ಅಂಗೈಗೆ ಸುರಿದ. ಹಣ ಮುಟ್ಟದ, ಚೀಲ ಮುಟ್ಟದ, ಹಬ್ಬಹುಣ್ಣಿಮೆಗೆ ಮನೆಗೆ ಬಂದ ಡಬ್ಬಗಳನ್ನು ಬಾಗಿಲಿಂದಲೇ ವಾಪಸು ಕಳಿಸಿದ ಅವನು ಈ ಒಂದು ಹಿಡಿಯನ್ನು ಮಾತ್ರ ಯಾವತ್ತೂ ಬೇಡವೆಂದಿರಲಿಲ್ಲ. ಹಿಡಿಗೆ ಇನ್ನೂರು ಕ್ಯಾಲೊರಿ. ದಿನಕ್ಕೆ ನಾಲ್ಕು ಅಂಗಡಿ, ಕೆಲವೊಮ್ಮೆ ಐದು. ಮನೆಯ ನೋಟುಪುಸ್ತಕದಲ್ಲಿ ಬೆಳಗಿನ ಬ್ರೆಡ್ಡಿನ ಚೂರಿನಿಂದ ಹಿಡಿದು ಸಂಜೆಯ ಚಹಾದ ಅರ್ಧ ಚಮಚ ಸಕ್ಕರೆಯವರೆಗೆ ಎಲ್ಲವೂ ಅವನ ದುಂಡನೆಯ ಅಕ್ಷರದಲ್ಲಿ ಇತ್ತು. ಈ ಬೀಜಗಳು ಇರಲಿಲ್ಲ. ಇದು ಊಟವಲ್ಲ, ಕೆಲಸದ ಭಾಗ ಎಂದು ಅವನು ಎಂದೋ ತೀರ್ಮಾನಿಸಿಕೊಂಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು. ಒಂದೊಂದೇ ಬೀಜ ಬಾಯಿಗೆಸೆದುಕೊಳ್ಳುತ್ತಿರುವಾಗ ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿ, 'ಪಥ್ಯ ಮಾಡ್ತಿದ್ದೀನಿ ಅಂದಿದ್ರಲ್ಲ ಸಾರ್, ಬಿಟ್ಬಿಟ್ರಾ?' ಎಂದ. ಬಿಟ್ಟಿಲ್ಲ ಎನ್ನುವಷ್ಟರಲ್ಲಿ ಅಂಗಡಿಯವನೇ ಮುಂದುವರಿಸಿದ: 'ನಿಮ್ಮ ಮನೆಯವರನ್ನ ಮೊನ್ನೆ ಬಸ್ ಸ್ಟಾಪಲ್ಲಿ ನೋಡ್ದೆ. ಗುರುತೇ ಸಿಗ್ಲಿಲ್ಲ. ನಿಮ್ಮ ಮಗಳೇನೋ ಅಂದ್ಕೊಂಡು, ಏನಮ್ಮ ಅಪ್ಪ ಹೇಗಿದ್ದಾರೆ ಅಂತ ಕೇಳ್ಬಿಟ್ಟೆ. ಅವರು ನಕ್ಕಿದ್ದೂ ನಕ್ಕಿದ್ದೇ.'

ಅವಳು ಈ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಮೊನ್ನೆ ಸಂಜೆ ಬಂದವಳು ಚಪ್ಪಲಿ ಬಿಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು, ಏನು ಎಂದರೆ ಏನಿಲ್ಲ ಬಿಡಿ ಎಂದಿದ್ದಳು. ಅವನಿಗೆ ನೋವಾಗಬಾರದೆಂದು ಮುಚ್ಚಿಟ್ಟಿದ್ದಳು, ಅದು ಗೊತ್ತಾಗಿ ಇನ್ನಷ್ಟು ನೋವಾಯಿತು. ಪಥ್ಯ ಅವನದು. ಡಾಕ್ಟರು ಹೆದರಿಸಿದ್ದು ಅವನನ್ನು, ತೊಂಬತ್ತೆರಡು ಕಿಲೋ ಇದ್ದದ್ದು ಅವನು. ಆಹಾರದ ಸಲಹೆ ಕೊಡುವ ಹೆಂಗಸಿನ ಹತ್ತಿರ ಅವಳು ಬರೀ ಜೊತೆಗೆ ಬಂದಿದ್ದಳು. ಮನೆಯಲ್ಲಿ ಆ ಹೆಂಗಸಿಗೆ ಪಥ್ಯದ ಮೇಡಂ ಎಂದು ಹೆಸರಿಟ್ಟವಳೂ ಅವಳೇ. 'ನೀವೊಬ್ಬರೇ ಸೌತೆಕಾಯಿ ಮೇಯ್ತಾ ಕೂತ್ರೆ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಾ? ನಂದೂ ಬರ್ಕೊಳ್ಳಿ ಮೇಡಂ' ಎಂದು ನಗುತ್ತ ತನ್ನ ಎಪ್ಪತ್ತೊಂದು ಕಿಲೋವನ್ನೂ ಬರೆಸಿದ್ದಳು. ಮೊದಲ ಮೂರು ತಿಂಗಳು ಇಬ್ಬರೂ ಇಳಿದರು. ಆಮೇಲೆ ಅವನು ಎಂಬತ್ತನಾಲ್ಕೂವರೆಯಲ್ಲಿ ನಿಂತ. ವಾರ ಕಳೆದು ವಾರ ಬಂದರೂ ಅಷ್ಟೇ. 'ಇದಕ್ಕೆ ಪ್ಲಾಟೊ ಅಂತೀವಿ ಸಾರ್' ಎಂದು ಪಥ್ಯದ ಮೇಡಂ ಫೋನಿನಲ್ಲಿ ಸಮಾಧಾನ ಹೇಳಿದ್ದಳು. 'ಮೈ ಹಗುರಾದ ಮೇಲೆ ಅದಕ್ಕೆ ಮೊದಲಿನಷ್ಟು ಬೇಕಾಗಲ್ಲ. ಮೊದಲಿನ ಲೆಕ್ಕದಲ್ಲೇ ತಿಂತಿದ್ರೆ ಇಳಿಯಲ್ಲ. ನೂರೈವತ್ತು ಕ್ಯಾಲೊರಿ ಕಮ್ಮಿ ಮಾಡಿ, ಮೂರು ವಾರ ನೋಡೋಣ. ಬರೀದೇ ಬಾಯಿಗೆ ಹೋಗ್ತಿರೋದು ಏನಾದ್ರೂ ಇದ್ರೆ ಅದನ್ನೂ ಬರೀರಿ.' ಅಂಥದ್ದೇನೂ ಇಲ್ಲ ಎಂದು ಅವನು ಹೇಳಿದ. ರಾತ್ರಿಯ ಅನ್ನದಲ್ಲಿ ನೂರೈವತ್ತು ಕಳೆದ. ಆ ಹಸಿವನ್ನು ಮಾರನೆಯ ದಿನ ಅಂಗಡಿಗಳಲ್ಲಿ ತೀರಿಸಿಕೊಂಡ.

ಅವಳು ಮಾತ್ರ ಇಳಿಯುತ್ತಲೇ ಇದ್ದಳು. ಏನೂ ಕಷ್ಟಪಡದೆ, ಬಸ್ಸಿನಿಂದ ಇಳಿದಷ್ಟು ಸಲೀಸಾಗಿ. ಮೊದಲೆಲ್ಲ ಸಂಜೆಯ ನಡಿಗೆಯಲ್ಲಿ ಅವಳು ಹತ್ತು ಹೆಜ್ಜೆ ಹಿಂದಿರುತ್ತಿದ್ದಳು, 'ಸ್ವಲ್ಪ ನಿಧಾನ ರೀ' ಎನ್ನುತ್ತಿದ್ದಳು. ಅವನು ನಿಂತು ಕಾಯುವುದರಲ್ಲಿ ಒಂದು ಸುಖವಿತ್ತು. ಈಗ ಅವಳು ತಿರುವಿನಲ್ಲಿ ನಿಂತು ಅವನಿಗಾಗಿ ಕಾಯುತ್ತಿದ್ದಳು, ಕಾಯುತ್ತಿಲ್ಲವೆಂದು ತೋರಿಸಲು ಯಾರದೋ ಕಾಂಪೌಂಡಿನ ಹೂ ನೋಡುತ್ತಿದ್ದಳು. 'ಈಗ ನಮ್ಮಿಬ್ಬರದೂ ಒಂದೇ ಅಳತೆ ಅಮ್ಮ' ಎಂದು ಮಗಳು ಅಮ್ಮನ ಅಂಗಿ ಹಾಕಿಕೊಂಡು ಕಾಲೇಜಿಗೆ ಹೋದಳು. ಊಟಕ್ಕೆ ಬಂದ ತಮ್ಮ, 'ಅತ್ತಿಗೆ, ಮದುವೆ ಫೋಟೋದಲ್ಲಿ ಇದ್ದಂಗೆ ಆಗ್ಬಿಟ್ರಲ್ಲ' ಎಂದವನು ಅಣ್ಣನತ್ತ ತಿರುಗಿ, ಏನಾದರೂ ಹೇಳಬೇಕೆಂದು ಹುಡುಕಿ, 'ನೀನೂ ಪರವಾಗಿಲ್ಲ ಕಣೋ' ಎಂದಿದ್ದ. ಆ ಪರವಾಗಿಲ್ಲ ಅವನ ಗಂಟಲಲ್ಲಿ ಎರಡು ದಿನ ಇತ್ತು. ಹೆಂಡತಿ ಚೆನ್ನಾಗಿ ಕಂಡರೆ ಗಂಡನಿಗೆ ಹೆಮ್ಮೆಯಾಗಬೇಕು, ಅಥವಾ ಬೇರೆಯವರು ನೋಡುತ್ತಾರೆಂದು ಸಂಕಟವಾಗಬೇಕು. ಅವನಿಗೆ ಆದದ್ದು ಎರಡೂ ಅಲ್ಲ. ತರಗತಿಯಲ್ಲಿ ಪಕ್ಕದ ಬೆಂಚಿನವನಿಗೆ ಹೆಚ್ಚು ನಂಬರು ಬಂದಾಗ ಆಗುವಂಥ ಹೊಟ್ಟೆಯುರಿ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಹತ್ತೊಂಬತ್ತು ವರ್ಷ ತನ್ನ ತಟ್ಟೆಗೆ ಬಡಿಸಿದವಳ ಮೇಲೆ ಇದು ಬಂದಿತ್ತು.

ಅಂಗಡಿಯಿಂದ ಹೊರಗೆ ಬಂದು ಕಲ್ಲುಗಳನ್ನು ಸ್ಕೂಟರಿನ ಪೆಟ್ಟಿಗೆಯಲ್ಲಿ ಜೋಡಿಸುವಾಗ ಇನ್ನು ಮೂರೇ ದಿನಕ್ಕೆ ಭಾನುವಾರ ಎಂಬುದು ನೆನಪಾಗಿ ಅವನು ಒಂದೇ ಕಲ್ಲನ್ನು ಎರಡು ಸಲ ಒರೆಸಿಟ್ಟ. ಭಾನುವಾರ ಬೆಳಿಗ್ಗೆ, ನೀರೂ ಕುಡಿಯದೆ, ಮೊದಲು ಅವನು, ಆಮೇಲೆ ಅವಳು. ಅವಳು ತೂಕ ನೋಡಿಕೊಳ್ಳುವುದೆಂದರೆ ದೊಡ್ಡ ಸಂಭ್ರಮ. ವಾಚು ಬಿಚ್ಚಿ, ಕಿವಿಯೋಲೆ ಬಿಚ್ಚಿ, ತಲೆಯ ಪಿನ್ನುಗಳನ್ನೆಲ್ಲ ಕಿತ್ತು, ಕೊನೆಗೆ ಕನ್ನಡಕವನ್ನೂ ತೆಗೆದು ಕಿಟಕಿಯ ಮೇಲಿಡುತ್ತಿದ್ದಳು. 'ಅದೇನು ಒಂದು ಕಿಲೋ ಇದ್ಯಾ?' ಎಂದು ಅವನು ಅಣಕಿಸಿದರೆ, 'ನಮ್ಮದಲ್ಲದ್ದನ್ನ ನಾವ್ಯಾಕೆ ಹೊರಬೇಕು' ಎನ್ನುತ್ತಿದ್ದಳು. ಕನ್ನಡಕವಿಲ್ಲದೆ ಅವಳಿಗೆ ತನ್ನ ಪಾದವೂ ಮಬ್ಬು. ಹಾಗಾಗಿ ಅವಳು ಮೇಲೆ ನಿಂತು ಕಣ್ಣು ಮುಚ್ಚುತ್ತಿದ್ದಳು, ಅವನು ಕುಕ್ಕರುಗಾಲಲ್ಲಿ ಕೂತು ಮುಳ್ಳು ನೋಡಿ ಹೇಳುತ್ತಿದ್ದ. ಎರಡು ತಿಂಗಳ ಹಿಂದಿನ ಒಂದು ಭಾನುವಾರ, ಅವನದು ಮತ್ತೆ ಎಂಬತ್ತನಾಲ್ಕೂವರೆ ಆದಮೇಲೆ, ಅವಳು ಹತ್ತಿದಳು. ಹಿಂದಿನ ವಾರ ಅರವತ್ತಾರು ಇತ್ತು. ಮುಳ್ಳು ಅರವತ್ತೈದೂವರೆಯ ಗೆರೆಗಿಂತ ಚೂರು ಈಚೆಗೆ ನಿಂತಿತು. ಅವನು ಅದನ್ನು ಸರಿಯಾಗಿಯೇ ನೋಡಿದ. ಬಾಯಿ ಮಾತ್ರ 'ಅರವತ್ತಾರು. ಹೋದ ವಾರದಷ್ಟೇ' ಎಂದಿತು. ತಾನು ಹಾಗೆನ್ನುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಅವಳು ಕಣ್ಣು ಬಿಟ್ಟು, 'ಅಯ್ಯೋ, ನಿಮ್ಮ ಕಾಯಿಲೆ ನಂಗೂ ಅಂಟ್ಕೊಂತಾ' ಎಂದು ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟು ಇಳಿದಳು. ಬೇಜಾರಾದವಳಂತೆ ಕಾಣಲಿಲ್ಲ. ಆ ದಿನವೆಲ್ಲ ಅವನಿಗೆ ಹಿತವಾಗಿತ್ತು, ಇಬ್ಬರೂ ಒಂದೇ ನಿಲ್ದಾಣದಲ್ಲಿ ಬಸ್ಸು ಕಾಯುತ್ತ ಕೂತ ಹಾಗೆ. ಸಂಜೆ ನಡೆಯುವಾಗ ಅವಳೂ ನಿಧಾನವಾಗಿ ನಡೆದಳು.

ಒಮ್ಮೆ ಹೇಳಿದ ಸುಳ್ಳಿಗೆ ಪ್ರತಿವಾರ ಹೊಸ ಸುಳ್ಳು ಬೇಕಾಯಿತು. ಅರವತ್ತೈದಕ್ಕೆ ಅರವತ್ತಾರು, ಅರವತ್ತನಾಲ್ಕಕ್ಕೆ ಅರವತ್ತಾರು. ಅವಳು ಅದನ್ನು ಪಥ್ಯದ ಮೇಡಂಗೆ ಬರೆದು ಕಳಿಸಿದಳು. ಮೇಡಂ ಅವಳಿಗೂ ಅದನ್ನೇ ಹೇಳಿದಳು: ಪ್ಲಾಟೊ, ನೂರೈವತ್ತು ಕಮ್ಮಿ ಮಾಡಿ. ವ್ಯತ್ಯಾಸವೆಂದರೆ ಅವಳು ನಿಜವಾಗಿಯೂ ಕಮ್ಮಿ ಮಾಡಿದಳು. ಸಾವಿರದ ಮುನ್ನೂರೈವತ್ತು, ಮೂರು ವಾರ ಕಳೆದು ಸಾವಿರದ ಇನ್ನೂರು. 'ಇದಕ್ಕಿಂತ ಕೆಳಗೆ ಬೇಡ, ಒಂದ್ಸಲ ಬಂದು ತೋರಿಸ್ಕೊಂಡು ಹೋಗಿ' ಎಂದು ಮೇಡಂ ಹೇಳಿದರೂ, ಮುಂದಿನ ತಿಂಗಳು ಹೋದರಾಯಿತೆಂದು ತಾನೇ ಸಾವಿರಕ್ಕೆ ಇಳಿದಳು. ಸೇಬನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು, ಹೆಚ್ಚಾದ ಹೋಳನ್ನು ಅವನ ತಟ್ಟೆಗೆ ಹಾಕುತ್ತಿದ್ದಳು. ಬಾಚಣಿಗೆಯ ತುಂಬ ಕೂದಲು. ಬಿಸಿಲಿರುವಾಗಲೂ ಸ್ವೆಟರು. ಹೋದ ವಾರ ಲಂಗದ ದಾರವನ್ನು ಇನ್ನೊಂದು ಸುತ್ತು ಬಿಗಿಯುತ್ತ, 'ಈ ಬಟ್ಟೆಗಳೂ ಒಗೆದು ಒಗೆದು ಹಿಗ್ಗಿಬಿಟ್ಟಿವೆ ನೋಡಿ' ಎಂದಳು. ಬಾಗಿಲಲ್ಲಿ ನಿಂತಿದ್ದ ಅವನು ಆ ದಾರದ ಗಂಟನ್ನೇ ನೋಡಿದ. ತನ್ನ ಸೊಂಟವನ್ನು ಅವಳು ನಂಬಲಿಲ್ಲ, ಮಗಳನ್ನು ನಂಬಲಿಲ್ಲ, ಬಸ್ ಸ್ಟಾಪಿನಲ್ಲಿ ಸಿಕ್ಕವನನ್ನೂ ನಂಬಿರಲಾರಳು. ಗಂಡ ಓದಿದ ಅಂಕಿಯನ್ನು ನಂಬಿದ್ದಳು.

ಪ್ರತಿ ಶನಿವಾರ ಅವನು ನಾಳೆ ಹೇಳಿಬಿಡುತ್ತೇನೆಂದುಕೊಳ್ಳುತ್ತಿದ್ದ. ಹೇಳದೆಯೂ ಸರಿಮಾಡಬಹುದು, ವಾರಕ್ಕೆ ಕಾಲು ಕಿಲೋದಂತೆ ಇಳಿಸುತ್ತ ನಿಜಕ್ಕೆ ತಂದು ಸೇರಿಸಬಹುದು ಎಂದು ಉಪಾಯ ಮಾಡಿ ಒಂದು ಭಾನುವಾರ 'ಅರವತ್ತೈದೂ ಮುಕ್ಕಾಲು' ಎಂದೂ ಹೇಳಿದ. ಅವಳ ಮುಖ ಅರಳಿದ ರೀತಿ ನೋಡಬೇಕಿತ್ತು. ಕಾಲು ಕಿಲೋಗೆ ಅಷ್ಟು ಸಂತೋಷ. ಕಿಟಕಿಯಿಂದ ಕನ್ನಡಕ ಎತ್ತಿಕೊಂಡು ಹಾಡು ಗುನುಗುತ್ತ ಸ್ನಾನಕ್ಕೆ ಹೋದಳು. ಬಾಗಿಲ ಹಿಂದಿನ ಆ ಹಾಡು ಕೇಳುತ್ತ ತನ್ನ ಎಂಬತ್ತನಾಲ್ಕೂವರೆಯೊಂದಿಗೆ ಕೂತಿದ್ದ ಅವನಿಗೆ ಮತ್ತೆ ಅದೇ ಉರಿ ಎದೆಗೆ ಏರಿತು. ಮುಂದಿನ ವಾರ ಪುನಃ 'ಅರವತ್ತಾರು' ಎಂದ. ಮೊದಲ ಸುಳ್ಳು ಬಾಯಿತಪ್ಪಿ ಬಂದದ್ದು ಎಂದು ಹೇಳಿಕೊಳ್ಳಬಹುದಿತ್ತು. ಇದನ್ನು ಹಾಗೆ ಹೇಳಿಕೊಳ್ಳಲು ಅವನಿಗೂ ಆಗಲಿಲ್ಲ.

ಅಂಗಡಿಯ ಮುಂದೆ ಸ್ಕೂಟರಿನ ಪೆಟ್ಟಿಗೆ ಮುಚ್ಚುತ್ತಿರುವಾಗ ಫೋನು ಬಂತು. ಅವಳು ಕೆಲಸ ಮಾಡುವ ಲೈಬ್ರರಿಯ ಅಟೆಂಡರು. 'ಗಾಬರಿ ಆಗ್ಬೇಡಿ ಸಾರ್. ಅಮ್ಮಾವ್ರು ಏಣಿ ಮೇಲಿಂದ ಬಿದ್ರು. ಮೂರೇ ಮೆಟ್ಲು. ಈಗ ಎದ್ದು ಕೂತಿದ್ದಾರೆ.' ಗಾಬರಿ ಆಗಬೇಡಿ ಎಂದದ್ದರಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, 'ಯಾಕೆ ಬಿದ್ಲು ಅಂತ ಏನಾದ್ರೂ ಹೇಳಿದ್ಲಾ?' ಎಂದು ಕೇಳಿದ. ಪೆಟ್ಟಾಯಿತೇ ಎಂದು ಮೊದಲು ಕೇಳಬೇಕಿತ್ತು ಎಂಬುದು ಸ್ಕೂಟರು ಅರ್ಧ ದಾರಿ ಹೋದಮೇಲೆ ಹೊಳೆಯಿತು. ಸಿಗ್ನಲಿನಲ್ಲಿ ನಿಂತಾಗ ನಾಲಿಗೆಗೆ ಹಲ್ಲಿನ ಸಂದಿಯ ಬೀಜದ ಚೂರು ತಗುಲಿತು. ಅಲ್ಲೇ ಉಗುಳಿದ.

ಲೈಬ್ರರಿಯಲ್ಲಿ ಎತ್ತರದ ಕಪಾಟುಗಳ ನಡುವೆ, ಫ್ಯಾನಿನ ಕೆಳಗೆ, ಅವಳು ಕುರ್ಚಿಯಲ್ಲಿ ಕೂತಿದ್ದಳು. ಮೊಣಕೈ ತರಚಿತ್ತು. ಬಿದ್ದ ಪುಸ್ತಕಗಳನ್ನು ಯಾರೋ ಮೇಜಿನ ಮೇಲೆ ಪೇರಿಸಿದ್ದರು. ಸ್ವೆಟರಿನೊಳಗೆ ಅವಳು ಎಷ್ಟು ಚಿಕ್ಕದಾಗಿ ಕಂಡಳೆಂದರೆ, ಅವನು ಒಂದು ಕ್ಷಣ ಬೇರೆ ಯಾರನ್ನೋ ನೋಡಿದಂತೆ ನೋಡಿದ. ಅಟೆಂಡರು ಕೈಯಲ್ಲಿ ಲೋಟ ಹಿಡಿದು ದೂರು ಹೇಳಿದ: 'ಸಕ್ಕರೆ ನೀರು ಕುಡೀರಿ ಅಂದ್ರೆ ಎಂಬತ್ತು ಕ್ಯಾಲೊರಿ ಆಗುತ್ತೆ, ಬೇಡ ಅಂತಾರೆ ಸಾರ್. ನೀವಾದ್ರೂ ಹೇಳಿ.' ಕುಡಿ ಎಂದು ಅವನು ಹೇಳಿದ ದನಿ ತುಸು ಹೆಚ್ಚೇ ಗಟ್ಟಿಯಾಯಿತು, ಓದುತ್ತಿದ್ದ ಇಬ್ಬರು ತಲೆಯೆತ್ತಿದರು. 'ಬೈಬೇಡಿ, ಕುಡೀತೀನಿ. ರಾತ್ರಿ ಅನ್ನದಲ್ಲಿ ಕಳ್ದ್ರಾಯ್ತು' ಎಂದು ಅವಳು ಲೋಟ ತೆಗೆದುಕೊಂಡಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಇಲ್ಲೇ, ಈಗಲೇ ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. ಅಟೆಂಡರು ಪಕ್ಕದಲ್ಲಿದ್ದ. ಅದು ನೆಪವೆಂದು ಗೊತ್ತಿದ್ದೂ ಅವನು ಆ ನೆಪಕ್ಕೆ ಕೃತಜ್ಞನಾದ. 'ನಡಿ, ಡಾಕ್ಟರ ಹತ್ರ ಹೋಗೋಣ' ಎಂದ. ಅವಳು, ಡಾಕ್ಟರು ಬೇಡ, ಪಥ್ಯದ ಮೇಡಂ ಹತ್ತಿರವೇ ಹೋಗೋಣ, ಬನ್ನಿ ಬನ್ನಿ ಅಂತ ಹೇಳ್ತಾನೇ ಇದ್ದಾರೆ ಎಂದಳು.

ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಮೇಡಂ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ನೋಡಿದಳು, ತೂಕದ ಯಂತ್ರ ತೋರಿಸಿದಳು. ಅವಳು ಅಭ್ಯಾಸದಂತೆ ಕನ್ನಡಕ ತೆಗೆದು ಹತ್ತಿದಳು. ಕಂಬದ ಮೇಲೆ ಕೆಂಪು ಅಂಕಿಗಳು ಬಂದವು. 'ಅರವತ್ತೊಂದು ಪಾಯಿಂಟ್ ಎರಡು' ಎಂದು ಓದಿದ ಮೇಡಂ ಫೋನಿನಲ್ಲಿ ಹಳೆಯ ಲೆಕ್ಕ ಹುಡುಕಿದಳು. 'ಭಾನುವಾರ ಅರವತ್ತಾರು ಅಂತ ಕಳಿಸಿದ್ದೀರಿ. ನಾಲ್ಕು ದಿನದಲ್ಲಿ ಐದು ಕಿಲೋ ಹೋಗಲ್ಲ. ನಿಮ್ಮನೆ ಮಿಷನ್ನು ಕೆಟ್ಟಿದೆ ಕಣ್ರೀ.'

'ಎಲ್ಲರ ಮನೇದೂ ಕೆಡಬಹುದು, ನಮ್ಮನೇದು ಕೆಡಲ್ಲ ಮೇಡಂ' ಎಂದು ಅವಳು ನಕ್ಕಳು. 'ಇವರು ತಿಂಗಳಿಗೊಂದ್ಸಲ ಕಲ್ಲಿಟ್ಟು ನೋಡ್ತಾರೆ. ಓದೋದೂ ಇವರೇ. ಬೇಜಾರು ಮಾಡ್ಕೋಬೇಡಿ, ನಿಮ್ಮದೇ ಏನೋ ಹೆಚ್ಚುಕಮ್ಮಿ ಆಗಿರ್ಬೇಕು.'

ಮೇಡಂ ಅವನ ಕಡೆ ತಿರುಗಿದಳು. 'ಹಾಗಾದ್ರೆ ನೀವೇ ನೋಡಿ ಹೇಳ್ಬಿಡಿ ಸಾರ್. ನಮ್ಮದು ಸರಿ ಇದ್ರೆ ಇವರು ಇವತ್ತಿಂದ್ಲೇ ಊಟ ಜಾಸ್ತಿ ಮಾಡ್ಬೇಕು, ತುಂಬಾ ಇಳಿದುಬಿಟ್ಟಿದ್ದಾರೆ. ತಪ್ಪಿದ್ರೆ ಬೇರೆ ಯೋಚನೆ ಮಾಡೋಣ.'

'ತಪ್ಪಿದ್ರೆ ಇನ್ನೂ ನೂರು ಕಮ್ಮಿ ಮಾಡ್ತೀನಿ ಬಿಡಿ, ಅಭ್ಯಾಸ ಆಗಿದೆ' ಎಂದಳು ಅವಳು.

ಅವನು ಕೆಳಗಿಳಿದು ಹೋಗಿ ಹತ್ತು ಕಿಲೋದ ಎರಡು ಕಲ್ಲು ತಂದ. ಒಂದೊಂದು ಕೈಗೆ ಒಂದೊಂದು. ಮೆಟ್ಟಿಲ ತಿರುವಿನಲ್ಲಿ ಉಸಿರು ಕಟ್ಟಿ ನಿಂತಾಗ, ಅವಳ ಅರವತ್ತೊಂದು ತನ್ನ ಎಂಬತ್ತನಾಲ್ಕೂವರೆಯಿಂದ ಎಷ್ಟು ದೂರ ಎಂದು ಮನಸ್ಸು ತಾನಾಗಿ ಕಳೆದು ನೋಡಿತು. ಒಳಗೆ ಬರುವಷ್ಟರಲ್ಲಿ ಮೇಡಂ ಇನ್ಯಾರೊಡನೆಯೋ ಮಾತಾಡಲು ಪಕ್ಕದ ಕೋಣೆಗೆ ಹೋಗಿದ್ದಳು. ಅವಳೊಬ್ಬಳೇ ಇದ್ದಳು, ಕನ್ನಡಕ ತೊಡೆಯ ಮೇಲಿತ್ತು. ಯಂತ್ರದ ಹಿಂಬದಿಯಲ್ಲಿ ಸೀಸದ ಮುದ್ರೆ ಇತ್ತು, ಅವನದೇ ಮುದ್ರೆ, ನಾಲ್ಕು ತಿಂಗಳ ಹಿಂದೆ ಅವನೇ ಒತ್ತಿದ್ದು. ಮುದ್ರೆ ಒತ್ತಿದಮೇಲೂ ಯಂತ್ರ ಜಾರಬಹುದು, ಜಾರುತ್ತದೆ, ಅದರಲ್ಲಿ ಅವಮಾನವೇನಿಲ್ಲ. ಐದು ಕಿಲೋ ಕಮ್ಮಿ ತೋರಿಸುತ್ತಿದೆ ಎಂದು ಒಂದು ಮಾತು ಹೇಳಿದರೆ ಮೇಡಂ ನಾಳೆಯೇ ಯಂತ್ರ ಬದಲಾಯಿಸುತ್ತಾಳೆ. ಅವನ ಮಾತಿನ ಮೇಲೆ ಮಾತಾಡುವವರು ಆ ಊರಲ್ಲಿ ಯಾರೂ ಇರಲಿಲ್ಲ. ಅವನು ಕಲ್ಲುಗಳನ್ನು ಇಟ್ಟ. ಕೆಂಪು ಅಂಕಿ ಓಡಿ ಇಪ್ಪತ್ತಕ್ಕೆ ನಿಂತಿತು, ಸೊನ್ನೆಯ ಮುಂದೆ ಇನ್ನೊಂದು ಸೊನ್ನೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅವಳು ಅಂಕಿಯನ್ನು ನೋಡುತ್ತಿರಲಿಲ್ಲ, ಅವಳಿಗೆ ಅದು ಕಾಣಿಸುತ್ತಲೂ ಇರಲಿಲ್ಲ. ಅವನ ಮುಖವಿದ್ದ ಕಡೆ ನೋಡುತ್ತಿದ್ದಳು. 'ಎಷ್ಟು ರೀ?' ಎಂದಳು.

ಅವಳ ಮೊಣಕೈಯ ಗಾಯದಲ್ಲಿ ರಕ್ತ ಒಣಗಿತ್ತು. ಮೂರೇ ಮೆಟ್ಟಿಲು ಎಂದಿದ್ದ ಅಟೆಂಡರು. ಆ ಏಣಿಗೆ ಹನ್ನೊಂದು ಮೆಟ್ಟಿಲಿದ್ದವು.

'ಇಪ್ಪತ್ತು' ಎಂದ. 'ಸರಿಯಾಗಿದೆ.'

'ಹಾಗಾದ್ರೆ ನಮ್ಮನೇದು ಕೆಟ್ಟಿದ್ಯಾ?'

'ಇಲ್ಲ. ಅದೂ ಸರಿಯಾಗಿದೆ.'

'ಎರಡೂ ಸರಿ ಹೇಗಾಗುತ್ತೆ' ಎಂದು ಶುರುಮಾಡಿದವಳು ಅರ್ಧದಲ್ಲಿ ನಿಲ್ಲಿಸಿದಳು. ಪಕ್ಕದ ಕೋಣೆಯಲ್ಲಿ ಮೇಡಂ ಯಾರಿಗೋ ಮೊಸರಿನ ಲೆಕ್ಕ ಹೇಳುತ್ತಿದ್ದಳು. ಅವನು ನೆಲ ನೋಡುತ್ತ, 'ನಾನು ಓದಿದ್ದೇ ಸುಳ್ಳು. ಒಂಬತ್ತು ವಾರದಿಂದ' ಎಂದ. ಯಾಕೆ ಎಂದು ಕೇಳುತ್ತಾಳೆ, ಏನು ಹೇಳಲಿ ಎಂದು ಕಾದ. ಅವಳು ಕೇಳಲಿಲ್ಲ. 'ಒಂಬತ್ತು ವಾರ ಹಸ್ಕೊಂಡಿದ್ದೆ' ಎಂದಳು, ಅವನಿಗಲ್ಲ, ತನಗೇ ತಿಳಿಸಿಕೊಳ್ಳುವವಳ ಹಾಗೆ. ಆಮೇಲೆ ಕನ್ನಡಕ ಹಾಕಿಕೊಂಡು ಎದ್ದಳು. 'ಅವನ್ನ ತೆಗೀರಿ' ಎಂದಳು. ಅವನು ಕಲ್ಲುಗಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದ. ಅವಳು ಕನ್ನಡಕ, ವಾಚು, ಸ್ವೆಟರು ಎಲ್ಲದರ ಸಮೇತ ಯಂತ್ರದ ಮೇಲೆ ಹತ್ತಿ, ಆ ಪಥ್ಯ ಶುರುವಾದಂದಿನಿಂದ ಮೊದಲ ಬಾರಿಗೆ, ತನ್ನ ತೂಕವನ್ನು ತಾನೇ ಓದಿದಳು.

ಬೈಗುಳ, ಅಳು, ಮಗಳ ಮುಂದೆ, ತಮ್ಮನ ಮುಂದೆ ಆಗುವ ಮರ್ಯಾದೆ, ಅದೆಲ್ಲ ಮುಂದೆ ಬರುವುದಿತ್ತು. ಅದಕ್ಕೂ ಮೊದಲು ಅವಳ ಮುಖದ ಮೇಲೆ ಸಂತೋಷ ಬಂತು. ತಡೆಯಲಾರದ ಸಂತೋಷ, ತುಟಿಯ ಕೊನೆಯಿಂದ ಶುರುವಾಗಿ ಕಣ್ಣಿನವರೆಗೆ. ಮದುವೆಯಾದ ಹೊಸತರಲ್ಲಿ ಅವನು ಕಂಡಿದ್ದ ಮುಖ. ಎರಡು ಕೈಯಲ್ಲಿ ಎರಡು ಕಲ್ಲು ಹಿಡಿದು ನಿಂತಿದ್ದ ಅವನಿಗೆ ಆಗ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದು ಎರಡನೆಯದಾಗಿ ಬಂತು. ಮೊದಲು ಎದೆಯಿಂದ ಗಂಟಲಿಗೆ ಏರಿದ್ದು ಆ ಹಳೆಯ ಉರಿಯೇ. ಅದನ್ನು ನುಂಗಿಕೊಳ್ಳುವ ಮೊದಲೇ ಅವಳು ತಲೆಯೆತ್ತಿದಳು. ಕನ್ನಡಕದ ಹಿಂದಿನಿಂದ ಅವನ ಮುಖವನ್ನು ಸ್ಪಷ್ಟವಾಗಿ ನೋಡಿದಳು. ಅವಳ ನಗು ನಿಂತಿತು.

'ಈಗಲೂನಾ ರೀ?' ಎಂದು ಕೇಳಿದಳು.